ಹೆದರಿಸಲು ಬಂದು ನಗಿಸಿದ ದೆವ್ವ

ಹೋದ ಶನಿವಾರ ಜೋರು ಮಳೆ, ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತಿತ್ತು. ದೆವ್ವದ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕೆ ಅಂತ ನಾನೂ ರೂಮ್‌ಮೇಟೂ ಲ್ಯಾಪ್‌ಟಾಪಿನಲ್ಲಿ ‘ಎಕ್ಸಾರ್ಸಿಸ್ಟ್ 2: ದಿ ಹೆರೆಟಿಕ್’ ಹಾಕಿಕೊಂಡು ಕೂತೆವು. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಇದರ ಮೊದಲ ಭಾಗ ನೋಡಿದ ರಾತ್ರಿ ಒಬ್ಬನೇ ಬಾತ್‌ರೂಮಿಗೆ ಹೋಗಲು ಧೈರ್ಯ ಸಾಲದೆ ಪಕ್ಕದವನನ್ನು ಎಬ್ಬಿಸಿದ್ದವನು ನಾನು. ಈ ಸಲ ಅರ್ಧ ಗಂಟೆಯಲ್ಲಿ ರೂಮ್‌ಮೇಟ್ ಗೊರಕೆ! ಅಷ್ಟು ದೊಡ್ಡವರೆಲ್ಲ ಸೇರಿ ಮಾಡಿದ್ದು ಹೀಗೇಕಾಯಿತು ಅಂತ ಇತಿಹಾಸ ಕೆದಕಿದೆ. ಸಿನಿಮಾಗಿಂತ ಅದೇ ಸ್ವಾರಸ್ಯವಾಗಿದೆ ಮಾರಾಯ್ರೆ.

1973ರ ಡಿಸೆಂಬರಿನಲ್ಲಿ ಬಂದ ವಿಲಿಯಂ ಫ್ರೀಡ್ಕಿನ್‌ರ ‘ದಿ ಎಕ್ಸಾರ್ಸಿಸ್ಟ್’ ಭಾರೀ ದುಡ್ಡು ಮಾಡಿತು, 10 ಆಸ್ಕರ್ ನಾಮನಿರ್ದೇಶನ ಪಡೆದು 2 ಗೆದ್ದಿತು. ವಾರ್ನರ್ ಬ್ರದರ್ಸ್ ಅಷ್ಟಕ್ಕೇ ಬಿಟ್ಟೀತೆ? ಫ್ರೀಡ್ಕಿನ್ ಆಗಲಿ, ಕತೆ ಬರೆದ ವಿಲಿಯಂ ಪೀಟರ್ ಬ್ಲಾಟಿ ಆಗಲಿ ಎರಡನೆಯದಕ್ಕೆ ಕೈಹಾಕಲಿಲ್ಲ. ಕೆಲಸ ಬಂದದ್ದು ಜಾನ್ ಬೂರ್ಮನ್ ಪಾಲಿಗೆ. ತಮಾಷೆ ಇರುವುದು ಇಲ್ಲೇ. ಮೊದಲ ಚಿತ್ರವನ್ನೂ ಮಾಡುವಿರಾ ಅಂತ ಇವರನ್ನು ಕೇಳಿದ್ದರು. ಪುಟ್ಟ ಹುಡುಗಿಗೆ ಹಿಂಸೆ ಕೊಡುವ ಕತೆ ನನಗೆ ಬೇಡ ಅಂತ ಬಿಟ್ಟಿದ್ದರು!

ಹಾಗಾಗಿ ಬೂರ್ಮನ್‌ಗೆ ಹೆದರಿಸುವ ಆಸೆಯೇ ಇರಲಿಲ್ಲ. ಕೆಡುಕಿನೆದುರು ಒಳ್ಳೆಯತನ ಹೇಗೆ ನಿಲ್ಲುತ್ತದೆ ಅಂತ ತೋರಿಸಬೇಕಿತ್ತು. ಅದಕ್ಕೇ ಆಫ್ರಿಕಾ, ಮಿಡತೆ ಹಿಂಡು, ಮಿಡತೆ ವೇಷದ ಜೇಮ್ಸ್ ಅರ್ಲ್ ಜೋನ್ಸ್, ಇಬ್ಬರ ಮನಸ್ಸು ಜೋಡಿಸುವ ಮಿಣಮಿಣ ದೀಪದ ಯಂತ್ರ... ರಿಚರ್ಡ್ ಬರ್ಟನ್‌ನಂಥ ನಟ ಹಣೆಗೆ ಪಟ್ಟಿ ಕಟ್ಟಿಕೊಂಡು ಆ ದೀಪ ದಿಟ್ಟಿಸುವಾಗ ಅಯ್ಯೋ ಪಾಪ ಅನ್ನಿಸುತ್ತದೆ. ಸಾಲದ್ದಕ್ಕೆ ನಿರ್ದೇಶಕರಿಗೇ ವ್ಯಾಲಿ ಫೀವರ್ ಬಂದು ಐದು ವಾರ ಚಿತ್ರೀಕರಣ ನಿಂತಿತು. ಶೂಟಿಂಗ್ ನಡೆಯುತ್ತಿರುವಾಗಲೂ ಸ್ಕ್ರಿಪ್ಟ್ ತಿದ್ದುತ್ತಲೇ ಇದ್ದರಂತೆ. (ರಿಕ್ವೈರ್‌ಮೆಂಟ್ ದಿನಾ ಬದಲಾಗುವ ಪ್ರಾಜೆಕ್ಟ್ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ!)

1977ರ ಜೂನ್ 17ರಂದು ಬಿಡುಗಡೆ. ಥಿಯೇಟರುಗಳಲ್ಲಿ ಜನ ಗಹಗಹಿಸಿ ನಕ್ಕರು. ಬೂರ್ಮನ್ ಗಡಿಬಿಡಿಯಲ್ಲಿ ಕತ್ತರಿ ಹಿಡಿದು ಕೊನೆಯನ್ನೇ ಬದಲಿಸಿದರು. ರಿಲೀಸ್ ಆದಮೇಲೆ ಪ್ಯಾಚ್! ಏನೂ ಗುಣವಾಗಲಿಲ್ಲ. 1990ರಲ್ಲಿ ಮೂರನೆಯದನ್ನು ತಾವೇ ನಿರ್ದೇಶಿಸಿದ ಬ್ಲಾಟಿ, ಈ ಎರಡನೆಯದು ಆಗಿಯೇ ಇಲ್ಲವೆಂಬಂತೆ ಕತೆ ಮುಂದುವರಿಸಿದರು. ಎನ್ನಿಯೊ ಮೊರಿಕೋನೆ ಸಂಗೀತ ಮಾತ್ರ ನನಗೆ ಇಷ್ಟವಾಯಿತು.

ಇಲ್ಲಿಗೆ ನಕ್ಕು ಮುಗಿಸೋಣ ಅಂದುಕೊಂಡಿದ್ದೆ. ಆದರೆ ಮೊದಲ ಚಿತ್ರದ ಶೂಟಿಂಗ್ ಬಗ್ಗೆ ಓದಿದ ಮೇಲೆ ನಗು ಬರಲಿಲ್ಲ. ಮಂಚದ ಮೇಲೆ ಮೈ ಕುಲುಕಿಸುವ ಯಂತ್ರದಿಂದ ಹುಡುಗಿ ಲಿಂಡಾ ಬ್ಲೇರ್‌ಗೆ ಬೆನ್ನಿಗೆ ಪೆಟ್ಟಾಗಿತ್ತು. ತಾಯಿಯ ಪಾತ್ರದ ಎಲೆನ್ ಬರ್ಸ್ಟಿನ್‌ರನ್ನು ಹಗ್ಗ ಕಟ್ಟಿ ಎಳೆದ ರಭಸಕ್ಕೆ ಬಿದ್ದು ಬೆನ್ನುಮೂಳೆಗೆ ಏಟು. ಆಗ ಅವರು ಕಿರುಚಿದ ನೋವಿನ ಕಿರುಚು ಸಿನಿಮಾದಲ್ಲಿ ಹಾಗೇ ಇದೆ. ಹಾಸ್ಟೆಲ್‌ನಲ್ಲಿ ನಾವೆಲ್ಲ ಸೂಪರ್ ಮಗಾ ಅಂತ ರಿವೈಂಡ್ ಮಾಡಿ ನೋಡಿದ್ದು ಅದೇ ದೃಶ್ಯ.

ನಿನ್ನೆ ರಾತ್ರಿ ಅದನ್ನು ಮತ್ತೆ ಹಾಕಿದೆ. ಆಕೆ ಬೀಳುವ ಮೊದಲೇ ನಿಲ್ಲಿಸಿಬಿಟ್ಟೆ.