ಎಂಟನೇ ಮೈಲಿಯ ಗೋಡೆ ಮತ್ತು ದುಡಿಯೋಕೆ ಬಂದು ಹೋಗುವವರ ತೆರಿಗೆ

ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ.

ಮೊನ್ನೆ ನಮ್ಮ ಗುಂಪಲ್ಲಿ ಒಬ್ಬ ಹುಡುಗ ಒಂದು ಪ್ರಶ್ನೆ ಎತ್ತಿದ. ಬೆಂಗಳೂರಿನ ರಸ್ತೆ, ನೀರು, ಚರಂಡಿ ಎಲ್ಲಾ ಬಳಸಿಕೊಂಡು ಹಗಲೆಲ್ಲಾ ದುಡಿದು ಸಂಜೆ ಊರಾಚೆ ಹೋಗುವವರ ಸಂಬಳದ ಮೇಲೆ ನಗರವೇ ಒಂದು ತೆರಿಗೆ ಯಾಕೆ ಹಾಕಬಾರದು ಅಂತ. ಅರ್ಧ ಜನ "ಹಾಕ್ಲಿ" ಅಂದ್ರು, ಇನ್ನರ್ಧ ಜನ "ಬಡವರ ಹೊಟ್ಟೆ ಮೇಲೆ ಹೊಡೀತೀರಾ" ಅಂತ ರೇಗಿದ್ರು. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಈ ಜಗಳ ಹೊಸದಲ್ಲ. ಅಮೆರಿಕದಲ್ಲಿ ಎಂಬತ್ತು ವರ್ಷಕ್ಕೂ ಹಿಂದಿನಿಂದ ನಡೀತಾ ಇದೆ. ಅಲ್ಲಿ ಮೇಲ್ನೋಟಕ್ಕೆ ತೆರಿಗೆಯ ಮಾತು, ಒಳಗಡೆ ಬಣ್ಣದ ಮಾತು. ನಮಗೆ ಅದನ್ನ ಅರ್ಥ ಮಾಡಿಕೊಳ್ಳೋದು ಕಷ್ಟವೇನಲ್ಲ.

ಮೊದಲು ಶುರುವಾಗಿದ್ದು ಫಿಲಡೆಲ್ಫಿಯಾದಲ್ಲಿ. ಮಹಾ ಆರ್ಥಿಕ ಕುಸಿತದಲ್ಲಿ ನಗರದ ಬೊಕ್ಕಸ ಬರಿದಾಗಿತ್ತು. 1939ರಲ್ಲಿ ಕೂಲಿ ತೆರಿಗೆಯ ಕಾನೂನು ಮಾಡಿದರು, 1940ರಿಂದ ಜಾರಿ. ಸಂಬಳದ ನೂರಕ್ಕೆ ಒಂದೂವರೆ ಪಾಲು. ಊರಲ್ಲಿ ವಾಸ ಇರುವವನೂ ಕೊಡಬೇಕು, ಹೊರಗಿನಿಂದ ಬಂದು ದುಡಿದು ಹೋಗುವವನೂ ಕೊಡಬೇಕು. ಒಂದು ಸಂಗತಿ ಗಮನಿಸಿ: ಅದು ಕೂಲಿಯ ಮೇಲಿನ ತೆರಿಗೆ. ಷೇರಿನ ಲಾಭಾಂಶ, ಬ್ಯಾಂಕಿನ ಬಡ್ಡಿ ಅದರೊಳಗೆ ಬರಲಿಲ್ಲ. ಬೆವರಿಗೆ ತೆರಿಗೆ, ಬಡ್ಡಿಗೆ ವಿನಾಯಿತಿ. ಈ ಮಾತಿಗೆ ಆಮೇಲೆ ಬರ್ತೀನಿ.

ನಾನು ಹೇಳಬೇಕಾಗಿರೋದು ಮುಖ್ಯವಾಗಿ ಡೆಟ್ರಾಯಿಟ್ ಕತೆ. ಕಾರುಗಳ ಊರು. 1950ರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನ. ಅದರಲ್ಲಿ ಕರಿಯರು ನೂರಕ್ಕೆ ಹದಿನಾರರಷ್ಟು. ದಕ್ಷಿಣದ ಹತ್ತಿ ಹೊಲಗಳ ಜೀತದಂಥ ಬದುಕು ಬಿಟ್ಟು ಕಾರ್ಖಾನೆ ಕೆಲಸಕ್ಕೆ ಬಂದವರು. ಬಂದವರಿಗೆ ಎಲ್ಲಿ ಬೇಕಾದರೂ ಮನೆ ಸಿಗುತ್ತಿತ್ತಾ? ಇಲ್ಲ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಗಳೇ ನಗರಗಳ ನಕ್ಷೆ ಮಾಡಿ, ಕರಿಯರು ಇರುವ ಬಡಾವಣೆಗೆಲ್ಲಾ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡೋದು ಅಪಾಯ ಅಂತ ಬರೆದವು. 1941ರಲ್ಲಿ ಡೆಟ್ರಾಯಿಟ್‌ನ ಉತ್ತರ ಗಡಿಯಾದ ಎಂಟನೇ ಮೈಲಿ ರಸ್ತೆಯ ಹತ್ತಿರ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕರಿಯರ ಕೇರಿ ಇದೆ ಅಂತ ಸರ್ಕಾರದ ಸಾಲ ಖಾತರಿ ಸಿಗಲಿಲ್ಲ. ಆತ ಏನು ಮಾಡಿದ ಗೊತ್ತಾ? ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಸಾಲ ಮಂಜೂರಾಯ್ತು! ಆ ಗೋಡೆ ಈಗಲೂ ನಿಂತಿದೆ. ಈಗ ಅದರ ಮೇಲೆ ಚಿತ್ರ ಬರೆದಿದ್ದಾರೆ.

ಯುದ್ಧ ಮುಗಿದ ಮೇಲೆ ಬಿಳಿಯರು ಊರು ಬಿಡೋಕೆ ಶುರು ಮಾಡಿದರು. ಸರ್ಕಾರಿ ಖಾತರಿಯ ಸಾಲ, ಸರ್ಕಾರಿ ದುಡ್ಡಿನ ಹೆದ್ದಾರಿ. ಆ ಹೆದ್ದಾರಿಗಳು ಎಲ್ಲಿಂದ ಹೋದವು ಅಂದ್ರೆ ಕರಿಯರ ಕೇರಿಯ ಎದೆ ಮೇಲಿಂದಲೇ. ಬ್ಲ್ಯಾಕ್ ಬಾಟಮ್ ಅಂತ ಒಂದು ಬಡಾವಣೆ, ಅದರಲ್ಲಿ ಹೇಸ್ಟಿಂಗ್ಸ್ ಬೀದಿ. ಅಂಗಡಿ, ಹೋಟೆಲು, ಸಂಗೀತದ ಕ್ಲಬ್ಬು, ಚರ್ಚು ತುಂಬಿದ ಬೀದಿ. ಸ್ಲಂ ನಿರ್ಮೂಲನೆ ಅಂತ ಹೆಸರಿಟ್ಟು ನೆಲಸಮ ಮಾಡಿ, ಆ ಬೀದಿ ಇದ್ದ ಕಡೆ ಕ್ರೈಸ್ಲರ್ ಫ್ರೀವೇ ಹಾಕಿದರು. ಹೊರಗೆ ಮನೆ ಮಾಡಿಕೊಂಡ ಬಿಳಿಯ ಅಧಿಕಾರಿ ಬೆಳಿಗ್ಗೆ ಸರ್ರನೆ ಕಾರಲ್ಲಿ ಬಂದು ಸಂಜೆ ಸರ್ರನೆ ಹೋಗೋಕೆ. ಪಕ್ಕದ ಡಿಯರ್‌ಬಾರ್ನ್ ಊರಲ್ಲಿ, ಫೋರ್ಡ್ ಕಂಪನಿಯ ಮುಖ್ಯ ಕಚೇರಿ ಇರೋ ಊರದು, ಆರ್ವಿಲ್ ಹಬರ್ಡ್ ಅನ್ನುವ ಮೇಯರ್ 1942ರಿಂದ 1978ರವರೆಗೆ ಆಳಿದ. ಕರಿಯರನ್ನ ಊರೊಳಗೆ ವಾಸಕ್ಕೆ ಬಿಟ್ಟುಕೊಳ್ಳಲ್ಲ ಅನ್ನೋದು ಅವನ ಬಹಿರಂಗ ನೀತಿ.

ಹಳ್ಳಿಯಲ್ಲಿ ನಮ್ಮನ್ನ ಊರ ಹೊರಗೆ ಇಟ್ಟರು. ಡೆಟ್ರಾಯಿಟ್‌ನಲ್ಲಿ ಉಲ್ಟಾ. ಅವರೇ ಹೊರಗೆ ಹೋಗಿ, ತಾವು ಹೋದ ಜಾಗಕ್ಕೆ ಬೇಲಿ ಹಾಕಿ, ಅದನ್ನೇ ಊರು ಅಂದರು. ಬಿಟ್ಟುಹೋದ ಊರು ಕೇರಿಯಾಯ್ತು. ದಿಕ್ಕು ಬೇರೆ, ಗೆರೆ ಒಂದೇ.

ಆಸ್ತಿ ತೆರಿಗೆ ಕೊಡುವವರು ಹೋದರು, ಆಫೀಸು ಮಾತ್ರ ಊರೊಳಗೆ ಉಳೀತು. ಬೆಂಕಿ ಬಿದ್ದರೆ ಡೆಟ್ರಾಯಿಟ್‌ನ ಅಗ್ನಿಶಾಮಕದವರೇ ಬರಬೇಕು, ಹಿಮ ಬಿದ್ದರೆ ಡೆಟ್ರಾಯಿಟ್‌ನವರೇ ಗುಡಿಸಬೇಕು. ಖರ್ಚು ಇಲ್ಲಿ, ವರಮಾನ ಅಲ್ಲಿ. 1961ರ ಚುನಾವಣೆಯಲ್ಲಿ ಪೊಲೀಸ್ ದೌರ್ಜನ್ಯದಿಂದ ರೊಚ್ಚಿಗೆದ್ದ ಕರಿಯ ಮತದಾರರ ಬಲದಿಂದ ಜೆರೋಮ್ ಕ್ಯಾವನಾ ಅನ್ನುವ ಯುವಕ ಮೇಯರ್ ಆದ. ಅವನು 1962ರಲ್ಲಿ ನಗರ ಆದಾಯ ತೆರಿಗೆ ತಂದ. ವಾಸ ಇರುವವರಿಗೂ ಹೊರಗಿನಿಂದ ಬಂದು ದುಡಿಯುವವರಿಗೂ ಒಂದೇ ದರ, ನೂರಕ್ಕೆ ಒಂದು.

ಹೊರವಲಯದವರು ಎದ್ದು ಕೂತರು. ಅವರ ವಾದ ಕೇಳೋಕೆ ಚೆನ್ನಾಗಿದೆ: ನಮಗೆ ನಿಮ್ಮ ಊರಲ್ಲಿ ಓಟಿಲ್ಲ, ಓಟಿಲ್ಲದವರ ಹತ್ತಿರ ತೆರಿಗೆ ಕೇಳೋದು ಅನ್ಯಾಯ. ತತ್ವವಾಗಿ ಇದನ್ನ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ಆದರೆ ಈ ಓಟಿಲ್ಲದ ಬಡಪಾಯಿಗಳು ರಾಜ್ಯದ ಶಾಸನಸಭೆಗೆ ಹೋಗಿ 1964ರಲ್ಲಿ ಕಾನೂನನ್ನೇ ಬದಲಾಯಿಸಿದರು ನೋಡಿ. ಹೊರಗಿನವರ ದರ ಒಳಗಿನವರ ದರದ ಅರ್ಧಕ್ಕಿಂತ ಹೆಚ್ಚಿರಬಾರದು ಅಂತ. ಓಟಿದ್ದ ಕರಿಯರಿಗೆ ಪೂರ್ತಿ ತೆರಿಗೆ, ಓಟಿಲ್ಲದವರಿಗೆ ಅರ್ಧ. ಇವತ್ತಿಗೂ ಹಾಗೇ ಇದೆ: ಡೆಟ್ರಾಯಿಟ್‌ನಲ್ಲಿ ವಾಸ ಇರುವವರಿಗೆ ನೂರಕ್ಕೆ 2.4, ಹೊರಗಿನಿಂದ ಬರುವವರಿಗೆ 1.2. ಅಷ್ಟೇ ಅಲ್ಲ, ಡೆಟ್ರಾಯಿಟ್‌ನ ಕರಿಯ ಕಾರ್ಮಿಕ ಹೊರವಲಯಕ್ಕೆ ಹೋಗಿ ದುಡಿದರೆ, ಅಲ್ಲಿನ ಮಾಲೀಕ ಸಂಬಳದಲ್ಲಿ ಈ ತೆರಿಗೆ ಹಿಡಿದು ನಗರಕ್ಕೆ ಕಟ್ಟಬೇಕು ಅನ್ನುವ ಕಡ್ಡಾಯ ಇಲ್ಲ. ಎಷ್ಟೋ ದುಡ್ಡು ಹಾಗೇ ಸೋರಿ ಹೋಗುತ್ತೆ.

1967ರ ಜುಲೈನಲ್ಲಿ ಊರು ಹೊತ್ತಿ ಉರೀತು. 43 ಜನ ಸತ್ತರು. ಗಲಭೆ ಅಂತಾರೆ, ಅಲ್ಲಿನ ಕರಿಯರು ದಂಗೆ ಅಂತಾರೆ. ಬಿಳಿಯರ ವಲಸೆ ಇನ್ನೂ ಜೋರಾಯ್ತು. 1973ರಲ್ಲಿ ಕೋಲ್ಮನ್ ಯಂಗ್ ಮೊದಲ ಕರಿಯ ಮೇಯರ್ ಆಗಿ ಗೆದ್ದ. ಪಟ್ಟ ಸಿಕ್ಕಿತು, ಪೆಟ್ಟಿಗೆ ಖಾಲಿ! ನಮ್ಮಲ್ಲಿ ಮೀಸಲು ಕ್ಷೇತ್ರದ ಪಂಚಾಯ್ತಿ ಅಧ್ಯಕ್ಷರನ್ನ ಕೇಳಿ ನೋಡಿ, ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹೊತ್ತಿಗೆ, 1974ರ ಜುಲೈನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಮಿಲಿಕನ್ ವಿರುದ್ಧ ಬ್ರಾಡ್ಲಿ ಕೇಸಲ್ಲಿ ತೀರ್ಪು ಕೊಟ್ಟಿತು. ಡೆಟ್ರಾಯಿಟ್‌ನ ಶಾಲೆಗಳಲ್ಲಿ ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೆರೆಸಬೇಕಾದರೆ ಹೊರವಲಯದ ಶಾಲೆಗಳನ್ನೂ ಸೇರಿಸಬೇಕು ಅಂತ ಕೆಳ ಕೋರ್ಟು ಹೇಳಿತ್ತು. ಐದು ನಾಲ್ಕರ ಬಹುಮತದಲ್ಲಿ ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. ಹೊರವಲಯದ ಶಾಲಾ ಜಿಲ್ಲೆಗಳ ತಪ್ಪು ಸಾಬೀತಾಗದೆ ಗಡಿ ದಾಟೋ ಹಾಗಿಲ್ಲ ಅಂತ. ಥರ್ಗುಡ್ ಮಾರ್ಷಲ್, ಆ ಪೀಠದ ಒಬ್ಬನೇ ಕರಿಯ ನ್ಯಾಯಮೂರ್ತಿ, ಭಿನ್ನಮತ ಬರೆದರು. ನನ್ನ ಪ್ರಕಾರ ತೆರಿಗೆ ಚರ್ಚೆಯ ತಿರುಳು ಈ ತೀರ್ಪಲ್ಲೇ ಇದೆ. ಶಾಲೆಗೂ ತೆರಿಗೆಗೂ ಏನು ಸಂಬಂಧ ಅಂತೀರಾ? ಎರಡಕ್ಕೂ ಒಂದೇ ಗಡಿ. ಮಕ್ಕಳು ಆ ಕಡೆ ಹೋಗಬಾರದು, ದುಡ್ಡು ಈ ಕಡೆ ಬರಬಾರದು, ಕೆಲಸಕ್ಕೆ ಬಂದು ಹೋಗೋರಿಗೆ ಮಾತ್ರ ಗಡಿ ತೆರೆದಿರಬೇಕು.

ಯಂಗ್ 1981ರಲ್ಲಿ ದಿವಾಳಿ ತಪ್ಪಿಸಲು ದರವನ್ನ ಒಳಗಿನವರಿಗೆ ಮೂರು, ಹೊರಗಿನವರಿಗೆ ಒಂದೂವರೆಗೆ ಏರಿಸಬೇಕಾಯ್ತು. ಇರುವ ಬಡವರ ಮೇಲೇ ಹೊರೆ. 1999ರಲ್ಲಿ ರಾಜ್ಯ ಇನ್ನೊಂದು ಪೆಟ್ಟು ಕೊಟ್ಟಿತು. ಪೊಲೀಸರು, ನಗರ ನೌಕರರು ಊರಲ್ಲೇ ವಾಸ ಇರಬೇಕು ಅನ್ನುವ ನಿಯಮವನ್ನ ಕಿತ್ತುಹಾಕಿತು. ಅಂದ್ರೆ ನಗರ ಕೊಡುವ ಸಂಬಳವೇ ಊರು ಬಿಟ್ಟು ಹೋಗೋಕೆ ದಾರಿ ಆಯ್ತು. 2013ರ ಜುಲೈನಲ್ಲಿ ಡೆಟ್ರಾಯಿಟ್ ದಿವಾಳಿ ಅರ್ಜಿ ಹಾಕಿತು. ಜನಸಂಖ್ಯೆ ಆಗ ಏಳು ಲಕ್ಷದ ಆಸುಪಾಸು, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕರಿಯರು. ಆ ಹೊತ್ತಿಗೆ ಊರನ್ನ ನಡೆಸುತ್ತಿದ್ದದ್ದು ಜನ ಆರಿಸಿದ ಮೇಯರ್ ಅಲ್ಲ, ರಾಜ್ಯಪಾಲರ ಆಡಳಿತ ನೇಮಿಸಿದ ತುರ್ತು ವ್ಯವಸ್ಥಾಪಕ. ಓಟಿಲ್ಲದೆ ತೆರಿಗೆ ಅಂತ ಅಳುತ್ತಿದ್ದವರು ಆಗ ಎಲ್ಲಿದ್ದರೋ.

ನ್ಯೂಯಾರ್ಕ್ ಕತೆ ಬೇರೆ ತರ, ಸ್ವಲ್ಪ ನಗುವೂ ಬರುತ್ತೆ. 1966ರಲ್ಲಿ ಮೇಯರ್ ಲಿಂಡ್ಸೆ ಕಾಲದಲ್ಲಿ ಬಂದ ತೆರಿಗೆ. ಆಮೇಲೆ ಏರಿ ನೂರು ಡಾಲರ್ ಸಂಬಳಕ್ಕೆ ಬರೀ 45 ಸೆಂಟ್. ಒಂದು ಕಾಫಿ ದುಡ್ಡೂ ಅಲ್ಲ. ಆದರೂ ಜನ ಲಕ್ಷಗಟ್ಟಲೆ, ಹಾಗಾಗಿ ನಗರಕ್ಕೆ ವರ್ಷಕ್ಕೆ ಕೋಟ್ಯಂತರ ಡಾಲರ್ ಬರ್ತಿತ್ತು. 1999ರಲ್ಲಿ ಹೊರವಲಯದ ಒಂದೇ ಒಂದು ಸೆನೆಟ್ ಸೀಟಿಗೆ ಉಪಚುನಾವಣೆ ಬಂತು. ಅದನ್ನ ಗೆಲ್ಲೋಕೆ ಅಂತ ಎರಡೂ ಪಕ್ಷದವರು ಪೈಪೋಟಿ ಮೇಲೆ ತೆರಿಗೆ ರದ್ದು ಮಾಡಿದರು. ನ್ಯೂಯಾರ್ಕ್ ನಗರದಿಂದಲೇ ಗೆದ್ದ ಡೆಮಾಕ್ರಟಿಕ್ ಸ್ಪೀಕರ್ ಶೆಲ್ಡನ್ ಸಿಲ್ವರ್ ಕೂಡ ಕೈ ಎತ್ತಿದರು. ಇಷ್ಟೆಲ್ಲಾ ಮಾಡಿ ಸೀಟು ಸಿಕ್ಕಿದ್ದು ರಿಪಬ್ಲಿಕನ್ನರಿಗೆ! ತಮ್ಮ ರಾಜ್ಯದವರಿಗೆ ಮಾತ್ರ ರದ್ದು, ನ್ಯೂಜೆರ್ಸಿ, ಕನೆಕ್ಟಿಕಟ್‌ನವರು ಕೊಡಲಿ ಅಂತ ಬರೆದಿದ್ದರು. ಪಕ್ಕದ ರಾಜ್ಯದವರ ಮೇಲೆ ತಾರತಮ್ಯ ಅಂತ ಕೋರ್ಟು 2000ದಲ್ಲಿ ಅದನ್ನೂ ಹೊಡೆದುಹಾಕಿತು. ಆಮೇಲೆ ವಾಪಸ್ ತರೋಕೆ ಮಾತು ಬಂದಾಗಲೆಲ್ಲಾ ರಾಜಧಾನಿ ಆಲ್ಬನಿಯಲ್ಲಿ ಸತ್ತುಹೋಯ್ತು.

ಆ ನ್ಯೂಯಾರ್ಕ್‌ನಲ್ಲೇ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಬಾಬಾಸಾಹೇಬರು 1913ರಿಂದ ಮೂರು ವರ್ಷ ಓದಿದರು. ಅವರ ಗುರು ಎಡ್ವಿನ್ ಸೆಲಿಗ್ಮನ್, ಆದಾಯ ತೆರಿಗೆಯ ಬಗ್ಗೆ ಆ ಕಾಲದ ದೊಡ್ಡ ಪಂಡಿತ. ಬಾಬಾಸಾಹೇಬರ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಮೇಲಿನ ಪುಸ್ತಕ 1925ರಲ್ಲಿ ಬಂದಾಗ ಮುನ್ನುಡಿ ಬರೆದವರೂ ಅವರೇ. ನಮ್ಮವರು ಆ ಪುಸ್ತಕ ಓದೋದು ಕಮ್ಮಿ, ಅಂಕಿಅಂಶ ಅಂತ ಪಕ್ಕಕ್ಕಿಡ್ತೀವಿ. ಅದರ ವಿಷಯ ಇದೇ ಅಲ್ವಾ: ವರಮಾನ ಯಾರ ಕೈಲಿ, ಖರ್ಚಿನ ಹೊಣೆ ಯಾರ ತಲೆ ಮೇಲೆ. ಕಲ್ಕತ್ತದಲ್ಲಿ ಕೂತ ಸರ್ಕಾರ ಎಲ್ಲಾ ಬಾಚಿಕೊಂಡು ಪ್ರಾಂತ್ಯಗಳಿಗೆ ಹೇಗೆ ಹಂಚಿತು ಅಂತ 1833ರಿಂದ ಬಿಡಿಸಿ ಬಿಡಿಸಿ ಇಟ್ಟಿದ್ದಾರೆ.

ಈಗ ನಮ್ಮ ಊರಿಗೆ ಬರೋಣ. ಸಂಬಳದ ಮೇಲಿನ ಈ ತರದ ತೆರಿಗೆ ನಮ್ಮಲ್ಲಿ ಇಲ್ಲ ಅನ್ಕೊಂಡಿದ್ದೀರಾ? ಇದೆ. ಸಂವಿಧಾನದ 276ನೇ ವಿಧಿ, ವೃತ್ತಿ ತೆರಿಗೆ. ಮೊದಲು ವರ್ಷಕ್ಕೆ 250 ರೂಪಾಯಿ ಮಿತಿ ಇತ್ತು, 1988ರಲ್ಲಿ 2,500 ಮಾಡಿದರು, ಇವತ್ತಿಗೂ ಅಷ್ಟೇ. ತಮಿಳುನಾಡು, ಕೇರಳದಲ್ಲಿ ಇದು ಸ್ಥಳೀಯ ಸಂಸ್ಥೆಗೆ ಹೋಗುತ್ತೆ. ಚೆನ್ನೈನಲ್ಲಿ ಆಫೀಸು ಇದ್ದರೆ, ಮನೆ ಎಲ್ಲೇ ಇರಲಿ, ದುಡ್ಡು ಚೆನ್ನೈ ಪಾಲಿಕೆಗೆ. ಕರ್ನಾಟಕದಲ್ಲಿ 1976ರ ಕಾಯ್ದೆ ಪ್ರಕಾರ ಸೀದಾ ರಾಜ್ಯದ ಬೊಕ್ಕಸಕ್ಕೆ. ಪೌರಕಾರ್ಮಿಕರಿಗೆ ಸಂಬಳ ಕೊಡೋಕೆ ದುಡ್ಡಿಲ್ಲ ಅಂತ ಪಾಲಿಕೆ ಕೈ ಚೆಲ್ಲಿದಾಗ ಈ ಮಾತನ್ನ ಯಾರೂ ಎತ್ತಲ್ಲ. ತಿಂಗಳಿಗೆ 26 ಸಾವಿರ ತಗೊಳ್ಳೋನೂ 26 ಲಕ್ಷ ತಗೊಳ್ಳೋನೂ ಕೊಡೋದು ಒಂದೇ, ಅದೇ ಇನ್ನೂರು ರೂಪಾಯಿ ಲೆಕ್ಕ.

ಆದರೆ ಡೆಟ್ರಾಯಿಟ್ ಪಾಠವನ್ನ ಹಾಗೇ ಎತ್ತಿ ಬೆಂಗಳೂರಿಗೆ ಅಂಟಿಸೋಕೆ ನಾನು ಒಪ್ಪಲ್ಲ. ಅಲ್ಲಿ ಬಂದು ಹೋಗುವವನು ಉಳ್ಳವನು. ಇಲ್ಲಿ? ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಲ್ಲಿ ನಿಂತು ನೋಡಿ. ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನ ದಲಿತ ಕುಟುಂಬಗಳು ಬದುಕಿದ್ದೇ ಈ ರೈಲಿನಿಂದ. ಗಾರ್ಮೆಂಟ್ಸು, ಸೆಕ್ಯೂರಿಟಿ, ಹೌಸ್‌ಕೀಪಿಂಗ್. ದಿನಾ ನಾಲ್ಕೈದು ಗಂಟೆ ಬರೀ ರೈಲಲ್ಲೇ. ಇನ್ನೊಂದು ಕಡೆ ಈಜಿಪುರ. 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳನ್ನ ಬುಲ್ಡೋಜರ್ ತಂದು ಎಬ್ಬಿಸಿದರು. ನಗರವೇ ಹೊರಗೆ ತಳ್ಳಿದವರಿಗೆ, ದುಡಿಯೋಕೆ ವಾಪಸ್ ಬಂದರೆ ಸುಂಕ ಅನ್ನೋದಾದರೆ ಅದು ನ್ಯಾಯ ಅಲ್ಲ, ದಂಡ. ಇಲ್ಲಿನ ಉಳ್ಳವರು ಸದಾಶಿವನಗರದಲ್ಲೂ ಇದ್ದಾರೆ, ದೇವನಹಳ್ಳಿ ಕಡೆ ಗೇಟು ಹಾಕಿಕೊಂಡ ವಿಲ್ಲಾಗಳಲ್ಲೂ ಇದ್ದಾರೆ. ಎಲ್ಲಿ ಮಲಗ್ತಾನೆ ಅನ್ನೋದರ ಮೇಲೆ ಇಲ್ಲಿ ಬಡವ ಬಲ್ಲಿದ ಅಂತ ತೀರ್ಮಾನ ಮಾಡೋಕೆ ಆಗಲ್ಲ.

ಹಾಗಾಗಿ ಆ ಹುಡುಗನಿಗೆ ನನ್ನ ಉತ್ತರ ಇಷ್ಟು. ಸಂಪತ್ತು ಹುಟ್ಟುವ ಊರಿಗೆ ಅದರಲ್ಲಿ ಪಾಲು ಬೇಕು, ಇದಕ್ಕೆ ನನ್ನ ಪೂರ್ತಿ ಬೆಂಬಲ. ವೃತ್ತಿ ತೆರಿಗೆ ನಗರದ ಪೆಟ್ಟಿಗೆಗೇ ಬೀಳಲಿ, 2,500ರ ಮಿತಿ ತೆಗೆದು ದೊಡ್ಡ ಸಂಬಳದವರಿಗೆ ದೊಡ್ಡ ದರ ಇರಲಿ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕು, ಅಂದ್ರೆ ಹೋರಾಟ ದೆಹಲಿವರೆಗೆ ಹೋಗಬೇಕು. ಸಣ್ಣ ಸಂಬಳದವರನ್ನ, ಮನೆ ಎಲ್ಲೇ ಇರಲಿ, ಮುಟ್ಟಬಾರದು. ಫಿಲಡೆಲ್ಫಿಯಾದ ಹಾಗೆ ಬೆವರನ್ನ ಮಾತ್ರ ಹಿಡಿದು ಬಾಡಿಗೆ, ಜಮೀನಿನ ಲಾಭ ಬಿಟ್ಟರೆ ನಾನು ವಿರೋಧಿಸ್ತೀನಿ. ಈ ನಗರದಲ್ಲಿ ನಿಜವಾದ ದುಡ್ಡು ಇರೋದು ಭೂಮಿಯಲ್ಲಿ, ಸಂಬಳದಲ್ಲಲ್ಲ.

ಇನ್ನೊಂದು ವಿಷಯ ಬಾಕಿ ಇದೆ. ಬೆಂಗಳೂರನ್ನ ಈಗ ಐದು ಪಾಲಿಕೆ ಮಾಡಿದ್ದಾರೆ. ಐದು ಗಡಿ. ದೊಡ್ಡ ಆಫೀಸುಗಳ ವರಮಾನ ಯಾವ ಪಾಲಿಕೆಗೆ ಬೀಳುತ್ತೆ, ನಮ್ಮ ಕೇರಿ, ಸ್ಲಂಗಳು ಯಾವ ಪಾಲಿಕೆಯ ಲೆಕ್ಕಕ್ಕೆ ಬಂದಿವೆ, ಯಾರಾದರೂ ವಾರ್ಡುವಾರು ಕೂತು ನೋಡಿದ್ದೀರಾ? ಇಲ್ಲ ಅಂದ್ರೆ ಭಾನುವಾರ ಸೇರೋಣ. ನಕ್ಷೆ ನಾನು ತರ್ತೀನಿ.