ಜೀಪಿಗೆ ದೊಡ್ಡ ಟೈರ್ ಹಾಕ್ಸೋ ಮುಂಚೆ ರೇಡಿಯೇಟರ್ ನೋಡಿ: ಇಂಜಿನ್ ಬಿಸಿಯಾಗದಂತೆ ಏನು ಮಾಡ್ಬೇಕು?

ಶಿರಾಳಕೊಪ್ಪ: ಮಳೆಗಾಲ ಬಂತು ಅಂದ್ರೆ ಶಿಕಾರಿಪುರ, ಸೊರಬ ತಾಲೂಕಿನ ತೋಟ, ಗದ್ದೆ ದಾರಿಗಳೆಲ್ಲ ಕೆಸರು. ಅಡಿಕೆ, ಶುಂಠಿ ಮೂಟೆ ಹೊತ್ತ ಜೀಪು, ಬೊಲೆರೊ ಹೂತು ನಿಲ್ಲೋದು ಹೊಸದೇನಲ್ಲ. ‘ದೊಡ್ಡ ಟೈರ್ ಹಾಕ್ಸಿಬಿಡಿ, ಎಲ್ಲಿ ಬೇಕಾದ್ರೂ ಹೋಗುತ್ತೆ’ ಅನ್ನೋ ಸಲಹೆ ಎಲ್ಲಾ ಕಡೆ ಸಿಗುತ್ತೆ. ಆದ್ರೆ ಟೈರ್ ಬದಲಾದ ಮೇಲೆ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಯಾಕೆ ಮೇಲೇರುತ್ತೆ ಅನ್ನೋದು ತಿಳಿದಿರಬೇಕು.

ಟೈರ್ ದೊಡ್ಡದಾದ್ರೆ ಗೇರೂ ಬದಲಾದ ಹಾಗೆ

ಬೊಲೆರೊಗೆ ಕಂಪನಿಯಿಂದ ಬರೋ ಟೈರ್ 215/75 ಆರ್15. ಇದರ ಎತ್ತರ ಸುಮಾರು 703 ಮಿ.ಮೀ. ಇದರ ಬದಲು 235/75 ಆರ್15 ಹಾಕಿದ್ರೆ 733 ಮಿ.ಮೀ., ಅಂದ್ರೆ ಶೇ 4ರಷ್ಟು ಹೆಚ್ಚು. 31 ಇಂಚಿನ ಟೈರ್ ಹಾಕಿದ್ರೆ 787 ಮಿ.ಮೀ., ಶೇ 12ರಷ್ಟು ಹೆಚ್ಚು.

ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗೋದ್ರಿಂದ, 31 ಇಂಚಿನ ಟೈರಿನಲ್ಲಿ ಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 67ರಲ್ಲಿ ಓಡ್ತಿರುತ್ತೆ. ಅದೇ ಗೇರು, ಅದೇ ವೇಗದಲ್ಲಿ ಇಂಜಿನ್ ಮೊದಲಿಗಿಂತ ಕಡಿಮೆ ತಿರುಗುತ್ತೆ, ಆದ್ರೆ ಪ್ರತಿ ಸುತ್ತಿನಲ್ಲೂ ಹೆಚ್ಚು ಎಳೀಬೇಕು. ಹಳೇ ಜೀಪುಗಳಲ್ಲಿ ವಾಟರ್ ಪಂಪು, ಫ್ಯಾನು ಎರಡೂ ಇಂಜಿನ್ ಬೆಲ್ಟಿನಿಂದಲೇ ತಿರುಗೋದು. ಇಂಜಿನ್ ನಿಧಾನ ಆದ್ರೆ ಅವೂ ನಿಧಾನ. ಭಾರ ಜಾಸ್ತಿ, ಗಾಳಿ ಮತ್ತು ನೀರಿನ ಓಟ ಕಡಿಮೆ. ಬಿಸಿ ಏರೋದು ಇಲ್ಲೇ.

ಟೈರಿಗಿಂತ ಮುಂಚೆ ಇವನ್ನ ನೋಡಿಸಿ

* ರೇಡಿಯೇಟರ್: ಮೆಕ್ಕೆಜೋಳದ ಒಕ್ಕಣೆ ಧೂಳು, ಹುಲ್ಲಿನ ಚೂರು, ಒಣಗಿದ ಕೆಸರು ಜಾಲರಿಯಲ್ಲಿ ಕೂತ್ರೆ ಗಾಳಿ ಹಾಯಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೀರಿ. ಸರ್ವಿಸ್ ಸ್ಟೇಷನ್ ಪ್ರೆಷರ್ ಪಂಪನ್ನ ಹತ್ತಿರದಿಂದ ಹೊಡೆಸಿದ್ರೆ ಜಾಲರಿ ಮಡಚಿಕೊಳ್ಳುತ್ತೆ.
* ಕೂಲೆಂಟ್: ಬೋರ್‌ವೆಲ್ ನೀರು ಹಾಕೋ ಅಭ್ಯಾಸ ಬಿಡಿ. ಗಡಸು ನೀರು ಒಳಗೆ ಪದರ ಕಟ್ಟಿ ರೇಡಿಯೇಟರ್ ಕೊಳವೆ ಮುಚ್ಚುತ್ತೆ. ಕಂಪನಿ ಹೇಳಿದ ಕೂಲೆಂಟನ್ನ, ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ.
* ಕ್ಯಾಪ್, ಬೆಲ್ಟ್, ಥರ್ಮೋಸ್ಟಾಟ್: ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಟ್ಟುಕೊಂಡ್ರೇನೇ ನೀರು ಬೇಗ ಕುದಿಯಲ್ಲ. ಕ್ಯಾಪಿನ ರಬ್ಬರ್ ಹೋಗಿದ್ರೆ, ಬೆಲ್ಟ್ ಸಡಿಲ ಇದ್ರೆ ಮೊದಲು ಬದಲಾಯಿಸಿ.
* ಗ್ರಿಲ್ ಮುಂದೆ ಏನಿದೆ?: ದಪ್ಪ ಬಂಪರ್, ಸಾಲು ಲೈಟು, ಬೋರ್ಡು ಎಲ್ಲ ಗಾಳಿಗೆ ಅಡ್ಡ.

ಓಡಿಸುವಾಗ

ಕೊಡಚಾದ್ರಿ ಹತ್ತೋ ಬಾಡಿಗೆ ಜೀಪುಗಳನ್ನ ಗಮನಿಸಿ. ಲೋ ಗೇರಿನಲ್ಲಿ, ಒಂದೇ ಹದದಲ್ಲಿ ಏರ್ತವೆ. ದೊಡ್ಡ ಟೈರ್ ಇರೋರಿಗೂ ಇದೇ ಪಾಠ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನ ಈಗ ಎರಡನೇ ಗೇರಿನಲ್ಲಿ ಹತ್ತಿ. ಫೋರ್ ವೀಲ್ ಡ್ರೈವ್ ಗಾಡಿ ಆದ್ರೆ ಕಡಿದಾದ ಕೆಸರಿನ ಏರಲ್ಲಿ ಲೋ ರೇಂಜ್ ಹಾಕಿ. ಅರ್ಧ ಕ್ಲಚ್ಚಿನಲ್ಲಿ ಎಳೆಸಿದ್ರೆ ಕ್ಲಚ್ ಪ್ಲೇಟೂ ಸುಡುತ್ತೆ.

ಮುಳ್ಳು ಕೆಂಪಿನ ಕಡೆ ಹೊರಟ್ರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಆನ್ ಮಾಡಿ. ಅದು ಇಂಜಿನ್ನಿನ ಒಂದಿಷ್ಟು ಬಿಸಿ ಹೊರಗೆ ಹಾಕುತ್ತೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹಬೆ ಬರ್ತಿದ್ರೆ, ಕೂಲೆಂಟ್ ಸೋರ್ತಿದ್ರೆ ತಕ್ಷಣ ಇಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಕ್ಯಾಪ್ ಮಾತ್ರ ಬಿಚ್ಚಬೇಡಿ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿದ್ರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು. ಪೂರ್ತಿ ಆರೋವರೆಗೂ ಕಾಯಿರಿ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಕಾನೂನು ಒಪ್ಪದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನಿಮ್ಮ ಗಾಡಿಯ ಅದೇ ಮಾಡೆಲಿನ ಬೇರೆ ವೇರಿಯೆಂಟಿಗೆ ಕಂಪನಿಯೇ ಕೊಡೋ ಸೈಜ್ ಯಾವುದು ಅಂತ ಮೊದಲು ಕೇಳಿ. ಅನುಮಾನ ಇದ್ರೆ ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರ ಹತ್ರ ವಿಚಾರಿಸಿ.

ಹಾಕ್ಸೋದೇ ಆದ್ರೆ

ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಲೋಡ್ ಹಾಕಿ, ಟೈರ್ ಮಡ್‌ಗಾರ್ಡಿಗೆ ತಾಗುತ್ತಾ ನೋಡಿ. ಫೋರ್ ವೀಲ್ ಡ್ರೈವ್‌ಗೆ ನಾಲ್ಕೂ ಒಂದೇ ಸೈಜ್ ಇರಲೇಬೇಕು, ಸ್ಟೆಪ್ನಿಯೂ ಅದೇ ಸೈಜಿನದ್ದು ಇರಲಿ. ಟೈರಿನ ಲೋಡ್ ನಂಬರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ದೊಡ್ಡ, ಭಾರದ ಗಾಲಿ ನಿಲ್ಲಿಸೋಕೆ ಬ್ರೇಕಿಗೂ ಹೆಚ್ಚು ಕೆಲಸ, ಮುಂದಿನ ಗಾಡಿಯಿಂದ ಅಂತರ ಜಾಸ್ತಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. 31 ಇಂಚಿನ ಟೈರ್ ಹಾಕಿದ್ರೂ ಗಾಡಿ ನೆಲದಿಂದ ಏಳೋದು ಬರೀ 4 ಸೆಂ.ಮೀ. ಕೆಸರಲ್ಲಿ ಹಿಡಿತ ಕೊಡೋದು ಟೈರಿನ ಎತ್ತರಕ್ಕಿಂತ ಹೆಚ್ಚಾಗಿ ಅದರ ಬಟನ್. ತೋಟಕ್ಕೆ ಹೋಗಿ ಬರೋದಷ್ಟೇ ನಿಮ್ಮ ಕೆಲಸ ಆಗಿದ್ರೆ, ಕಂಪನಿ ಸೈಜಿನಲ್ಲೇ ಒಳ್ಳೇ ಬಟನ್ ಇರೋ ಟೈರ್ ಹಾಕ್ಸಿ. ಕೆಸರೂ ದಾಟಬಹುದು, ಗೇರ್ ಲೆಕ್ಕವೂ ತಪ್ಪಲ್ಲ, ಇಂಜಿನ್ನೂ ತಣ್ಣಗಿರುತ್ತೆ.