ಸಂಸೆಯ ಸುತ್ತಣ ಪ್ರೇಕ್ಷಣೀಯ ಸ್ಥಳಗಳು: ಒಂದು ಚಾರಿತ್ರಿಕ ನೋಟ

ಸಂಸೆಗೆ ಬರುವ ಪ್ರವಾಸಿಗರು ಕುದುರೆಮುಖದ ಶಿಖರವನ್ನೂ ಚಹಾ ತೋಟವನ್ನೂ ಕಂಡು ಹಿಂದಿರುಗುವುದು ವಾಡಿಕೆ. ಆದರೆ ಈ ಪ್ರದೇಶವನ್ನು ಕಳಸ-ಕಾರ್ಕಳ ರಾಜ್ಯದ ಹಿನ್ನೆಲೆಯಲ್ಲಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಘಟ್ಟದ ಮೇಲಣ ಕಳಸವನ್ನೂ ಕೆಳಗಣ ಕಾರ್ಕಳವನ್ನೂ ಜೈನಮತೀಯರಾದ ಭೈರರಸರು ಆಳಿದರು. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯ ಏಕಶಿಲಾಮೂರ್ತಿಯನ್ನೂ 1586ರಲ್ಲಿ ಚತುರ್ಮುಖ ಬಸದಿಯನ್ನೂ ನಿಲ್ಲಿಸಿದ ಈ ಮನೆತನವೇ ಕಳಸದ ಶಿವಾಲಯಕ್ಕೂ ದತ್ತಿಗಳನ್ನಿತ್ತುದು ಶಾಸನಗಳಿಂದ ವಿದಿತವಾಗುತ್ತದೆ. ಮತಭೇದವನ್ನೆಣಿಸದ ಈ ರಾಜಧರ್ಮವು ಗಮನಾರ್ಹವಾದುದು.

ಕುದುರೆಮುಖದ ಕಬ್ಬಿಣದ ಗಣಿಗಾರಿಕೆಯು 2005ರ ಕೊನೆಯಲ್ಲಿ ನಿಂತಿತು; ಈಗ ಅಲ್ಲಿಗೆ ಬರುವವರು ಕಾಡನ್ನೂ ಬೆಟ್ಟವನ್ನೂ ಅರಸಿ ಬರುವವರು. ಕಳಸದಿಂದ ಸಂಸೆ, ಕುದುರೆಮುಖಗಳ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯುವ ವಿದ್ಯಾರ್ಥಿಯಾದರೋ ಒಂದೇ ಅರಸುಮನೆತನದ ಎರಡು ನೆಲೆಗಳನ್ನು ಕಾಣಬಲ್ಲನು. ಶಿವಾಲಯವನ್ನು ಮಾತ್ರ ಅಥವಾ ಬಸದಿಯನ್ನು ಮಾತ್ರ ನೋಡಿದವನಿಗೆ ಈ ಚರಿತ್ರೆಯ ಅರ್ಧಭಾಗವಷ್ಟೇ ದೊರೆಯುತ್ತದೆ.